ಗಾಳಿ ಇಳಿದ ಮೇಲೆ ಬೋಟು ಎಳೆಯುವವರು

ಶಿವಮೊಗ್ಗದಿಂದ ಭದ್ರಾವತಿಗೆ ಹೋಗುವ ದಾರಿಯಲ್ಲಿ ಮಾಚೇನಹಳ್ಳಿ ಸಿಗುತ್ತದೆ. ಹಾಲಿನ ಡೇರಿ, ಕೆಎಸ್‌ಆರ್‌ಪಿ 8ನೇ ಬೆಟಾಲಿಯನ್, ಕೈಗಾರಿಕಾ ಪ್ರದೇಶದ ಶೆಡ್ಡುಗಳು, ಪಾಳಿ ಬಿಡುವ ಹೊತ್ತಿಗೆ ರಸ್ತೆ ತುಂಬುವ ಜನ. ಇಲ್ಲಿಂದ ಮಲ್ಪೆಗೆ ಸುಮಾರು 150 ಕಿಲೋಮೀಟರ್, ನಡುವೆ ಆಗುಂಬೆ ಘಾಟಿ. ಈ ಊರಿಗೂ ಕಡಲಿಗೂ ಇರುವ ನಂಟು ಒಂದೇ, ಅದು ಮೀನು. ಬಂಗುಡೆ, ಬೂತಾಯಿ ಎರಡು ದಿನ ಘಾಟಿ ಹತ್ತಿ ಬರಲಿಲ್ಲವೆಂದರೆ ‘ಸಮುದ್ರದಲ್ಲಿ ಏನೋ ಗಾಳಿಯಂತೆ’ ಎಂಬ ಮಾತು ಮೀನಿನ ಬುಟ್ಟಿಯ ಮುಂದೆಯೇ ಹುಟ್ಟುತ್ತದೆ. ಮೂರನೇ ದಿನ ಬುಟ್ಟಿ ತುಂಬಿದರೆ ಗಾಳಿಯ ಮಾತು ಅಲ್ಲಿಗೆ ಮುಗಿಯಿತು.

ಕರಾವಳಿಯಲ್ಲಿ ಅದು ಅಷ್ಟು ಬೇಗ ಮುಗಿಯುವುದಿಲ್ಲ. ಗಾಳಿ ಇಳಿದ ಮಾರನೆಯ ದಿನದಿಂದ ಅಲ್ಲಿ ಇನ್ನೊಂದು ಕೆಲಸ ಶುರುವಾಗುತ್ತದೆ. ಹಗ್ಗ ಕಿತ್ತುಕೊಂಡು ಹೋದ ಬೋಟು ಎಲ್ಲಿದೆ, ಯಾವ ಬಂಡೆಗೆ ಸಿಕ್ಕಿಕೊಂಡಿದೆ, ಅಳಿವೆಯ ಮರಳಲ್ಲಿ ಎಷ್ಟು ಹೂತಿದೆ ಎಂದು ಹುಡುಕಿ ಎಳೆದು ತರುವ ಕೆಲಸ. ಇದಕ್ಕೆ ಸರ್ಕಾರದಲ್ಲಿ ಮೀಸಲಾದ ಇಲಾಖೆಯಿಲ್ಲ, ಸಂಬಳದ ಪಡೆಯಿಲ್ಲ. ಮಾಡುವವರು ಪಕ್ಕದ ಬೋಟಿನವರು.

ನದಿಯ ದಂಡೆಯವರಾದ ನಮಗೆ ಇದು ಸುಲಭಕ್ಕೆ ಅರ್ಥವಾಗುವುದಿಲ್ಲ. ಕಾರಣ, ನಮ್ಮಲ್ಲಿ ದೋಣಿಯೆಂದರೆ ತೆಪ್ಪ. ಹಿನ್ನೀರು ದಾಟಿಸುವ ಹೊಳೆಬಾಗಿಲಿನ ಲಾಂಚನ್ನು ಬಿಟ್ಟರೆ ಜಿಲ್ಲೆಯ ಬಹುಪಾಲು ಜನ ಹತ್ತಿದ ದೊಡ್ಡ ಜಲವಾಹನ ಬೇರೆ ಇಲ್ಲ. 2025ರ ಜುಲೈಯಲ್ಲಿ ಸಿಗಂದೂರು ಸೇತುವೆ ತೆರೆದ ಮೇಲೆ ಆ ಲಾಂಚಿನ ಮೇಲಿನ ಅವಲಂಬನೆಯೂ ಹೋಯಿತು. ಮಳೆಗಾಲದಲ್ಲಿ ತುಂಗೆ ಏರಿದರೆ ಶಿವಮೊಗ್ಗದವರು ಕೋರ್ಪಲಯ್ಯನ ಛತ್ರದ ಬಳಿಯ ಮಂಟಪ ಮುಳುಗಿತೇ ಎಂದು ನೋಡಲು ಹೋಗುತ್ತಾರೆ. ಭದ್ರೆ ಏರಿದರೆ ಭದ್ರಾವತಿಯ ಹೊಸ ಸೇತುವೆ ಮುಳುಗುತ್ತದೆ, ಕವಲಗುಂದಿಯ ಮನೆಗಳಿಗೆ ನೀರು ನುಗ್ಗುತ್ತದೆ. ಅಂಥ ಹೊತ್ತಿನಲ್ಲಿ ತೆಪ್ಪವೊಂದು ಕೊಚ್ಚಿಹೋದರೆ ಅದನ್ನು ಯಾರೂ ಹುಡುಕುವುದಿಲ್ಲ. ಬಿದಿರು ಸೀಳಿ ಇನ್ನೊಂದು ಹೆಣೆದರಾಯಿತು. ಹುಡುಕುವುದು ಮನುಷ್ಯರನ್ನು ಮಾತ್ರ. 2016ರ ಸೆಪ್ಟೆಂಬರಿನಲ್ಲಿ ಹೊಳೆಹೊನ್ನೂರು ಸಮೀಪದ ಹಾಡೋನಹಳ್ಳಿಯಲ್ಲಿ ಗಣಪತಿ ಬಿಡಲು ಹೋದ ತೆಪ್ಪ ಮಗುಚಿ 12 ಜನ ಸತ್ತಾಗ ಹೊಳೆಯ ದಂಡೆಯಲ್ಲಿ ನೆರೆದವರ ಕಣ್ಣು ಹುಡುಕಿದ್ದು ಹೆಣಗಳನ್ನು. ಆ ತೆಪ್ಪ ಏನಾಯಿತೆಂದು ಕೇಳಿದವರಿದ್ದಾರೆಯೇ?

ಕಡಲ ಬೋಟಿನ ಲೆಕ್ಕವೇ ಬೇರೆ. ಪ್ರಧಾನಮಂತ್ರಿ ಮತ್ಸ್ಯಸಂಪದ ಯೋಜನೆ ಒಂದು ಆಳಸಮುದ್ರ ಬೋಟಿಗೆ ಹಿಡಿದ ಘಟಕ ವೆಚ್ಚ 1 ಕೋಟಿ 20 ಲಕ್ಷ ರೂಪಾಯಿ. ಬೋಟಿನ ಮಾಲೀಕನೆಂದರೆ ಸಾಹುಕಾರ ಎಂದುಕೊಳ್ಳಬೇಡಿ. ಬ್ಯಾಂಕು, ಸೊಸೈಟಿ, ಮೀನು ಕೊಳ್ಳುವ ಏಜೆಂಟರ ಮುಂಗಡ, ಹೆಂಡತಿಯ ಒಡವೆ ಎಲ್ಲ ಸೇರಿ ನೀರಿಗಿಳಿದ ಮರ ಅದು. ಈಗ ಇನ್ನೊಂದು ಅಂಕಿ ನೋಡಿ. ರಾಜ್ಯ ವಿಪತ್ತು ಪರಿಹಾರ ನಿಧಿಯಿಂದ ಏನೇನು ಕೊಡಬಹುದೆಂದು ಕೇಂದ್ರ ಗೃಹ ಸಚಿವಾಲಯ 2022ರಿಂದ 2026ರವರೆಗಿನ ಅವಧಿಗೆ ಹೊರಡಿಸಿದ ಮಾರ್ಗಸೂಚಿಯಲ್ಲಿ ಮೀನುಗಾರರದೂ ಒಂದು ಸಾಲಿದೆ. ಭಾಗಶಃ ಹಾಳಾದ ದೋಣಿಯ ದುರಸ್ತಿಗೆ 6,000 ರೂಪಾಯಿ. ಪೂರ್ತಿ ಹಾಳಾದರೆ 15,000. ಬಲೆ ಹರಿದರೆ 3,000, ಹೋದರೆ 4,000. ರಾಜ್ಯದ ಮೀನುಗಾರರ ಸಂಕಷ್ಟ ಪರಿಹಾರ ನಿಧಿ ಬೇರೆ ಇದೆ, ವಿಮೆ ಮಾಡಿಸಿದವರಿಗೆ ವಿಮೆಯಿದೆ. ಆದರೆ ಚಂಡಮಾರುತ ಬಂದುಹೋದ ಮೇಲೆ ತಹಶೀಲ್ದಾರರ ಮಹಜರಿಗೆ ಆಧಾರವಾಗುವ ಪಟ್ಟಿ ಇದೇ. ಹದಿನೈದು ಸಾವಿರಕ್ಕೆ ಬೋಟಿನ ಡೀಸೆಲ್ ಟ್ಯಾಂಕೂ ತುಂಬದು.

ಮುಳುಗಿದ ಬೋಟನ್ನು ಮೇಲೆತ್ತಲು ಒಂದು ಬಂದರಿಗೆ ಬಂದರೇ ಯಾಕೆ ಇಳಿಯುತ್ತದೆ ಎಂಬುದಕ್ಕೆ ಅರ್ಧ ಉತ್ತರ ಈ ಎರಡು ಅಂಕಿಗಳ ನಡುವೆಯೇ ಇದೆ. ಉಳಿದರ್ಧಕ್ಕೆ ಕಡಲತಡಿಯ ಹಳೆಯ ರೂಢಿಯ ಕಡೆ ಹೋಗಬೇಕು. ಅದಕ್ಕೂ ಮೊದಲು ಒಂದು ಚಂಡಮಾರುತ.

2021ರ ಮೇ 14ರ ಸುಮಾರಿಗೆ ಅರಬ್ಬಿ ಸಮುದ್ರದಲ್ಲಿ ಎದ್ದ ‘ತೌಕ್ತೆ’ ಕರ್ನಾಟಕದ ನೆಲ ಮುಟ್ಟಲಿಲ್ಲ. ಕರಾವಳಿಗೆ ಸಮಾನಾಂತರವಾಗಿ ಉತ್ತರಕ್ಕೆ ಸರಿದು ಮೇ 17ರ ರಾತ್ರಿ ಗುಜರಾತಿಗೆ ಅಪ್ಪಳಿಸಿತು. ಹಾದುಹೋಗುವಾಗ ಕೊಟ್ಟ ಹೊಡೆತವೇ ಸಾಕಾಗಿತ್ತು. ಕೊರೊನಾ ಎರಡನೇ ಅಲೆಯ ಲಾಕ್‌ಡೌನಿನಲ್ಲಿ ಮನೆಯೊಳಗಿದ್ದ ನಾವು ಟಿ.ವಿ.ಯಲ್ಲಿ ಕಂಡದ್ದು ಎರಡು ಟಗ್ ಹಡಗುಗಳನ್ನು. ‘ಅಲಯನ್ಸ್’ ಎಂಬುದು ಮಗುಚಿ ಪಡುಬಿದ್ರಿಯ ದಡಕ್ಕೆ ಬಂದು ಬಿತ್ತು, ಅದರಲ್ಲಿದ್ದವರಲ್ಲಿ ಕೆಲವರು ಸತ್ತರು. ‘ಕೋರಮಂಡಲ್ ಸಪೋರ್ಟರ್–9’ ಕಾಪು ಕಡೆಯ ಬಂಡೆಗಳಿಗೆ ಸಿಕ್ಕಿಕೊಂಡಿತು. ಅದರಲ್ಲಿದ್ದ ಒಂಬತ್ತೂ ಜನರನ್ನು ಮೇ 17ರಂದು ತಟರಕ್ಷಣಾ ಪಡೆ ಮತ್ತು ನೌಕಾಪಡೆ ಸೇರಿ ಕಾಪಾಡಿದವು, ಹೆಲಿಕಾಪ್ಟರಿನಿಂದ ಹಗ್ಗ ಇಳಿಬಿಟ್ಟು ಮೇಲೆತ್ತುವ ದೃಶ್ಯವನ್ನು ದೇಶವೆಲ್ಲ ನೋಡಿತು. ತಟರಕ್ಷಣಾ ಪಡೆಯ ಕರ್ತವ್ಯ ಅದು, ಅದನ್ನು ಅವರು ಚೆನ್ನಾಗಿ ಮಾಡುತ್ತಾರೆ. ಆದರೆ ಜೀವ ಉಳಿಸಿದ ಮೇಲೆ ಅವರ ಕೆಲಸ ಮುಗಿಯಿತು. ಬಂಡೆಯ ಮೇಲೆ ಕೂತ ಹಡಗು ಅದರ ಕಂಪನಿಯ ತಲೆನೋವು. ಅಲ್ಲಿರುವುದು ಒಂದು ಮೀನುಗಾರಿಕೆ ಬೋಟಾದರೆ ಅದರ ಹಿಂದೆ ಕಂಪನಿಯೂ ಇರುವುದಿಲ್ಲ.

ಗಾಳಿ ಬರುವ ಮುಂಚೆಯೇ ಅರ್ಧ ಕೆಲಸ ಆಗಿರಬೇಕು. ಹವಾಮಾನ ಇಲಾಖೆಯ ಮುನ್ನೆಚ್ಚರಿಕೆ ಈಗ ದಿನಗಟ್ಟಲೆ ಮೊದಲೇ ಬರುತ್ತದೆ. ವೈರ್‌ಲೆಸ್ಸಿನಲ್ಲಿ ಒಬ್ಬರಿಂದೊಬ್ಬರಿಗೆ ಸುದ್ದಿ ಮುಟ್ಟಿ, ಆಳಸಮುದ್ರದ ಬೋಟುಗಳು ಹತ್ತಿರ ಸಿಕ್ಕ ಬಂದರಿಗೆ ನುಗ್ಗುತ್ತವೆ. ಆಗ ಬಂದರಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಒಂದಕ್ಕೊಂದು ಮೈ ತಾಗಿಸಿ ಹತ್ತಾರು ಸಾಲು. ನಡುವೆ ಹಳೆಯ ಲಾರಿ ಟೈರುಗಳನ್ನು ತೂಗುಬಿಟ್ಟಿರುತ್ತಾರೆ, ಇಲ್ಲದಿದ್ದರೆ ಅಲೆಯ ಏರಿಳಿತಕ್ಕೆ ಬೋಟುಗಳು ಒಂದನ್ನೊಂದು ಗುದ್ದಿ ಹಲಗೆ ಸೀಳುತ್ತವೆ. ಒಂದು ಬೋಟಿನ ಹಗ್ಗ ಕಿತ್ತರೆ ಅದು ಪಕ್ಕದ ನಾಲ್ಕನ್ನು ಎಳೆದುಕೊಂಡು ಹೋಗುತ್ತದೆ. ಹಾಗಾಗಿ ಗಾಳಿಯ ರಾತ್ರಿ ಕಟ್ಟಿದ ಬೋಟಿನಲ್ಲೂ ಒಬ್ಬಿಬ್ಬರು ಎಚ್ಚರವಿದ್ದು ಹಗ್ಗ ಸಡಿಲಿಸುವುದು, ಬಿಗಿಯುವುದು, ಒಳಗೆ ತುಂಬಿದ ಮಳೆನೀರನ್ನು ಪಂಪು ಹಚ್ಚಿ ಹೊರಹಾಕುವುದು ಮಾಡುತ್ತಲೇ ಇರಬೇಕು. ತನ್ನ ಬೋಟಿನದಷ್ಟೇ ಅಲ್ಲ, ಮಾಲೀಕ ಇಲ್ಲದ ಪಕ್ಕದ ಬೋಟಿನದೂ. ಅದು ಮುಳುಗಿದರೆ ತನ್ನದಕ್ಕೂ ಕುತ್ತು.

ಇಷ್ಟೆಲ್ಲ ಮಾಡಿಯೂ ಒಂದು ಬೋಟು ತಪ್ಪಿಸಿಕೊಂಡಿತು ಎನ್ನಿ. ಅದು ಸೇರುವ ಜಾಗ ಹೆಚ್ಚಾಗಿ ಅಳಿವೆ, ನದಿ ಕಡಲಿಗೆ ಸೇರುವ ಬಾಯಿ. ಗಂಗೊಳ್ಳಿ, ಹೊನ್ನಾವರದಂಥ ಬಂದರುಗಳಿಗೆ ಒಳಬರುವ ದಾರಿಯೇ ಅದು. ಹೂಳು ತುಂಬಿ, ಮರಳ ದಿಬ್ಬ ಎದ್ದು, ಮೇಲೆ ಅಲೆ ಒಡೆಯುವ ಆ ಬಾಯಿಯಲ್ಲಿ ಗಾಳಿಯಿಲ್ಲದ ದಿನವೂ ಬೋಟು ಸಿಕ್ಕಿಬೀಳುತ್ತದೆ. ಮರಳಿಗೆ ಕೂತ ಬೋಟಿಗೆ ವೇಳೆಯೇ ಶತ್ರು. ಪ್ರತಿ ಅಲೆಯೂ ಅಡಿಯಿಂದ ಮರಳು ಕೆರೆದು, ಬೋಟನ್ನು ಇನ್ನಷ್ಟು ಕೆಳಗಿಳಿಸಿ, ಅದೇ ಮರಳನ್ನು ತಂದು ಒಳಗೆ ಸುರಿಯುತ್ತದೆ. ಮೊದಲ ದಿನ ಇಪ್ಪತ್ತು ಜನ ಅಲ್ಲಾಡಿಸಬಹುದಾದ ಬೋಟು ನಾಲ್ಕನೇ ದಿನ ಜೆಸಿಬಿಗೂ ಜಗ್ಗುವುದಿಲ್ಲ.

ಉಬ್ಬರಕ್ಕೆ ಕಾಯಬಹುದಲ್ಲ ಎಂದು ಘಟ್ಟದ ಮೇಲಿನವರಿಗೆ ಅನಿಸೀತು. ಕಾಯುತ್ತಾರೆ, ಆದರೆ ನಮ್ಮ ಕಡಲು ಆ ವಿಷಯದಲ್ಲಿ ಜಿಪುಣ. ಗುಜರಾತಿನ ಖಂಭಾತ್ ಕೊಲ್ಲಿಯಲ್ಲಿ ಉಬ್ಬರಕ್ಕೂ ಇಳಿತಕ್ಕೂ ಹತ್ತು ಮೀಟರಿನಷ್ಟು ಅಂತರ ಬರುತ್ತದೆ, ಅಲಂಗ್‌ನಲ್ಲಿ ಹಡಗನ್ನೇ ಉಬ್ಬರದಲ್ಲಿ ದಡ ಹತ್ತಿಸಿ ಒಡೆಯುತ್ತಾರೆ. ಮಂಗಳೂರು, ಮಲ್ಪೆಯಲ್ಲಿ ಆ ಅಂತರ ಒಂದೂವರೆ ಮೀಟರಿನ ಆಸುಪಾಸು. ಹುಣ್ಣಿಮೆ, ಅಮಾವಾಸ್ಯೆಗೆ ತುಸು ಹೆಚ್ಚು. ಹಾಗಾಗಿ ಪಂಚಾಂಗ ನೋಡಿ, ನೀರು ಏರುವ ಒಂದೆರಡು ಗಂಟೆಯೊಳಗೆ ಎಲ್ಲ ಮುಗಿಸಬೇಕು. ಅದಕ್ಕೆ ಮುಂಚಿನ ಇಳಿತದಲ್ಲಿ ಬೋಟಿನ ಸುತ್ತ ಮರಳು ತೋಡಿ ಕಾಲುವೆ ಮಾಡಿಡಬೇಕು. ಒಳಗಿನ ಮರಳನ್ನು ಬುಟ್ಟಿಯಲ್ಲಿ ತುಂಬಿ ಹೊರಹಾಕಬೇಕು. ಮಂಜುಗಡ್ಡೆ, ಬಲೆ, ಬ್ಯಾಟರಿ, ಅಡುಗೆ ಸಾಮಾನು, ಡೀಸೆಲ್ ಎಲ್ಲ ಇಳಿಸಿ ಹಗುರ ಮಾಡಬೇಕು.

ಪೂರ್ತಿ ಮುಳುಗಿದ್ದರೆ ಇನ್ನೊಂದು ಲೆಕ್ಕ. 200 ಲೀಟರಿನ ಖಾಲಿ ಬ್ಯಾರಲ್ಲಿನ ಬಾಯಿ ಭದ್ರಮಾಡಿ ನೀರಿನಡಿ ಕಟ್ಟಿದರೆ ತನ್ನ ತೂಕ ಕಳೆದು ಸುಮಾರು 180 ಕಿಲೋ ಎತ್ತುತ್ತದೆ. ಐವತ್ತು ಬ್ಯಾರಲ್ ಕಟ್ಟಿದರೆ ಒಂಬತ್ತು ಟನ್. ಕಟ್ಟುವುದಕ್ಕೆ ಯಾರಾದರೂ ಮುಳುಗಬೇಕು. ಕೆಸರುನೀರಿನಲ್ಲಿ ಕಣ್ಣು ಕಾಣುವುದಿಲ್ಲ, ಕೈಯಲ್ಲೇ ತಡವಿ ಗಂಟು ಹಾಕಬೇಕು. ಬಲೆಗೆ ಕಾಲು ಸಿಕ್ಕರೆ ಮೇಲೆ ಬರುವುದಿಲ್ಲ. ಎತ್ತುವಾಗಲೂ ಆತುರಪಡುವಂತಿಲ್ಲ. ನೀರೊಳಗಿರುವ ತನಕ ಮರದ ಬೋಟು ಅಷ್ಟೇನೂ ಭಾರವಲ್ಲ. ಅಂಚು ನೀರಿನಿಂದ ಮೇಲೆ ಬಂದ ಕ್ಷಣ ಒಳಗಿನ ನೀರೆಲ್ಲ ತೂಕವಾಗಿ ನಿಲ್ಲುತ್ತದೆ, ಒಂದು ಘನ ಮೀಟರಿಗೆ ಒಂದು ಟನ್ನಿನ ಮೇಲೆ. ಆ ಹೊತ್ತಿಗೆ ಕ್ರೇನು ಎಳೆದೇ ಎಳೆದರೆ ಬೋಟು ನಡುವೆ ಮುರಿಯುತ್ತದೆ. ಬಲ್ಲವರು ಅಂಚು ಕಾಣುವಷ್ಟೇ ಎತ್ತಿ ನಿಲ್ಲಿಸಿ, ಮೂರ್ನಾಲ್ಕು ಪಂಪು ಒಟ್ಟಿಗೆ ಹಚ್ಚುತ್ತಾರೆ. ನೀರು ಹೊರಗೆ ಹೋದಂತೆ ಬೋಟು ತಾನೇ ಏಳುತ್ತದೆ.

ದಡದ ಮೇಲೆ ನಿಂತು ನೋಡುವವರಿಗೆ ಕಾಣದ ಅಪಾಯ ಹಗ್ಗದಲ್ಲಿದೆ. ನೈಲಾನ್ ಹಗ್ಗ ಎಳೆದಷ್ಟೂ ಹಿಗ್ಗುತ್ತದೆ. ಎರಡು ಬೋಟು ಕಡಲ ಕಡೆಗೆ, ನೂರು ಜನ ದಡದಿಂದ ‘ಐಲೇಸಾ’ ಎಂದು ಜಗ್ಗುತ್ತಿರುವಾಗ ಅದು ಕಿತ್ತರೆ ತುಂಡಿನ ತುದಿ ಹಿಂದಕ್ಕೆ ಬೀಸಿ ಬರುವ ವೇಗಕ್ಕೆ ಕೈಕಾಲು ಮುರಿಯುತ್ತದೆ, ಜೀವವೂ ಹೋಗುತ್ತದೆ. ಬೋಟು ನಡೆಸುವ ಅನುಭವಸ್ಥ ತಾಂಡೇಲ ಮೊದಲು ಮಾಡುವುದು ಹಗ್ಗದ ನೇರಕ್ಕೆ ನಿಂತವರನ್ನು, ಮೊಬೈಲ್ ಹಿಡಿದು ಚಿತ್ರ ತೆಗೆಯುವವರನ್ನು ಬೈದು ಆಚೆಗೆ ಕಳಿಸುವುದು. ಹಗ್ಗ ಕಟ್ಟುವ ಜಾಗವೂ ಮುಖ್ಯ. ಕೈಗೆ ಸಿಕ್ಕ ಕಂಬಕ್ಕೆ ಕಟ್ಟಿದರೆ ಕಂಬವೊಂದೇ ಕಿತ್ತು ಬರುತ್ತದೆ. ಬೋಟಿನ ಉದ್ದಕ್ಕೂ ಹೋಗುವ ಅಡಿಮರಕ್ಕೇ ಸುತ್ತು ಹಾಕಬೇಕು.

ಎಳೆದು ತಂದರೆ ಮುಗಿಯಲಿಲ್ಲ. ಉಪ್ಪುನೀರು ಕುಡಿದ ಎಂಜಿನ್ನನ್ನು ತಕ್ಷಣ ಬಿಚ್ಚಿ ಸಿಹಿನೀರಿನಲ್ಲಿ ತೊಳೆದು, ಡೀಸೆಲ್ ಹಾಕಿ ತಿರುಗಿಸಬೇಕು. ಗಾಳಿ ತಾಗಿದ ಮೇಲೆ ತುಕ್ಕು ಓಡುತ್ತದೆ, ಒಂದೆರಡು ದಿನ ಬಿಟ್ಟರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಊರಿನ ಮೆಕ್ಯಾನಿಕ್ಕುಗಳು ಆಗ ಕೂಲಿಯ ಮಾತು ಆಮೇಲೆ ಎಂದು ಸ್ಪಾನರ್ ಹಿಡಿದು ಕೂರುವುದೂ ಈ ಸೇವೆಯ ಭಾಗವೇ. ಇವರಾರಿಗೂ ಬಣ್ಣದ ಜಾಕೆಟ್ಟಿಲ್ಲ, ಸಂಘದ ಪ್ರಮಾಣಪತ್ರ ಸಿಗುವುದಿಲ್ಲ.

ಕಡಲ ಕಾನೂನು ಇದಕ್ಕೆ ಒಂದು ದರ ಇಟ್ಟಿದೆ ಎಂಬುದು ಸ್ವಾರಸ್ಯ. ಅಪಾಯದಲ್ಲಿರುವ ಹಡಗನ್ನೋ ಸರಕನ್ನೋ ಉಳಿಸಿದವನಿಗೆ ಮಾಲೀಕ ಪ್ರತಿಫಲ ಕೊಡಬೇಕು, ಉಳಿಸಿದ್ದರ ಬೆಲೆ ನೋಡಿ ಅದು ನಿಗದಿಯಾಗಬೇಕು ಎಂಬುದು ಶತಮಾನಗಳ ನಿಯಮ. 1989ರ ಅಂತರರಾಷ್ಟ್ರೀಯ ಒಪ್ಪಂದವೂ ಅದನ್ನೇ ಹೇಳುತ್ತದೆ. ಪ್ರಯತ್ನ ವಿಫಲವಾದರೆ ಕೂಲಿಯಿಲ್ಲ, ಸಫಲವಾದರೆ ಕೈತುಂಬ. ಮನುಷ್ಯನ ಜೀವ ಉಳಿಸಿದ್ದಕ್ಕೆ ಮಾತ್ರ ಉಳಿದವನಿಂದ ಪ್ರತಿಫಲ ಕೇಳುವಂತಿಲ್ಲ. ಹಡಗು ಕಂಪನಿಗಳ ಜಗತ್ತು ಹೀಗೆ ನಡೆಯುತ್ತದೆ. ನಮ್ಮ ಬಂದರುಗಳಲ್ಲಿ ಕೆಟ್ಟು ನಿಂತ ಬೋಟನ್ನು ಎಳೆದು ತಂದವನು ಡೀಸೆಲ್ಲಿನ ಖರ್ಚು, ಹೆಚ್ಚೆಂದರೆ ತಪ್ಪಿದ ಮೀನಿನ ನಷ್ಟದ ಮಾತಾಡಿಯಾನು. ಬೋಟಿನ ಬೆಲೆಯಲ್ಲಿ ಪಾಲು ಕೇಳಿದರೆ ನಾಳೆ ಅವನ ಬೋಟು ನಿಂತಾಗ ವೈರ್‌ಲೆಸ್ಸಿಗೆ ಯಾರೂ ಓಗೊಡಲಾರರು. ಪ್ರೀಮಿಯಂ ಕಟ್ಟದ ವಿಮೆ ಇದು, ಕಂತು ಕಟ್ಟುವುದು ಮೈಯಿಂದ.

ಈ ರೂಢಿಗೆ ಬೇರು ರಂಪಣಿಯಲ್ಲಿದೆ ಎಂದು ನನ್ನ ಎಣಿಕೆ. ದಡದಿಂದ ದೋಣಿಯಲ್ಲಿ ಬಲೆ ಸುತ್ತಿಸಿ ಎರಡೂ ತುದಿಯಿಂದ ಊರಿಗೆ ಊರೇ ನಿಂತು ಎಳೆಯುತ್ತಿದ್ದ ಆ ಬೃಹತ್ ಬಲೆ ಒಂದು ಮನೆಯ ಆಸ್ತಿಯಾಗಿರಲಿಲ್ಲ. ಹಗ್ಗಕ್ಕೆ ಕೈ ಹಚ್ಚಿದವರಿಗೆಲ್ಲ ಪಾಲು. ಎಪ್ಪತ್ತರ ದಶಕದ ನಡುವಿನಲ್ಲಿ ಕಡಲಲ್ಲೇ ಬಲೆ ಸುತ್ತುವ ಪರ್ಸೀನ್ ಬೋಟುಗಳು ಬಂದು ಕೆಲವೇ ವರ್ಷಗಳಲ್ಲಿ ರಂಪಣಿಯನ್ನು ಮೂಲೆಗೆ ತಳ್ಳಿದವು. ಹಗ್ಗ ಹಿಡಿದ ಕೈಗಳು, ಯಾರು ಮುಂದೆ ಯಾರು ಹಿಂದೆ ಎಂಬ ಅಭ್ಯಾಸ, ಮುಖಂಡನಾದ ಗುರಿಕಾರನ ಮಾತಿಗೆ ಒಟ್ಟಾಗಿ ನಿಲ್ಲುವ ಪಟ್ಣದ, ಅಂದರೆ ಮೀನುಗಾರರ ಕೇರಿಯ, ಶಿಸ್ತು ಮಾತ್ರ ಉಳಿಯಿತು. ಮೀನಿಗೆ ಎಳೆಯುತ್ತಿದ್ದವರು ಬೋಟಿಗೆ ಎಳೆದರು.

ಹಾಗೆಂದು ಕರಾವಳಿಯಲ್ಲಿ ಎಲ್ಲರೂ ಅಣ್ಣತಮ್ಮಂದಿರಂತಿದ್ದಾರೆ ಎಂದು ಬರೆದರೆ ಅಲ್ಲಿಯವರೇ ನಕ್ಕಾರು. ಬೆಳಕು ಹಾಯಿಸಿ ಮೀನು ಹಿಡಿಯುವವರಿಗೂ ನಾಡದೋಣಿಯವರಿಗೂ ಜಗಳವಿದೆ, ಟ್ರಾಲ್ ಬೋಟು ಬಲೆ ಹರಿಯಿತೆಂದು ಠಾಣೆ ಮೆಟ್ಟಿಲು ಹತ್ತಿದ್ದಿದೆ. ಬೋಟುಗಳಲ್ಲಿ ದುಡಿಯುವ ಕಲಾಸಿಗಳಲ್ಲಿ ಈಗ ಒಡಿಶಾ, ಜಾರ್ಖಂಡ್, ಆಂಧ್ರದವರು ಬಹಳ. ರಂಪಣಿಯ ನೆನಪು ಅವರಿಗಿಲ್ಲ, ಮುಯ್ಯಿಗೆ ಮುಯ್ಯಿ ತೀರಿಸಲು ಅವರದೆನ್ನುವ ಬೋಟೂ ಇಲ್ಲ. ಆದರೂ ಹಗ್ಗ ಹಿಡಿಯುತ್ತಾರೆ. ಅವರ ಊಟ, ಮಲಗುವ ಜಾಗ, ಸೀಸನ್ನಿನ ಲೆಕ್ಕ ಎಲ್ಲ ಆ ಬೋಟಿನಲ್ಲೇ ಇದೆ.

ಬೋಟು ಸಿಗದೇ ಹೋದರೆ ಏನಾಗುತ್ತದೆ ಎಂಬುದನ್ನು ಮಲ್ಪೆ 2018ರಲ್ಲಿ ನೋಡಿತು. ಅದು ಚಂಡಮಾರುತವಲ್ಲ. ಡಿಸೆಂಬರ್ 13ರಂದು ಏಳು ಮಂದಿಯೊಂದಿಗೆ ಹೊರಟ ‘ಸುವರ್ಣ ತ್ರಿಭುಜ’ ಎರಡು ದಿನದ ಮೇಲೆ ಸಂಪರ್ಕ ಕಡಿದುಕೊಂಡಿತು. ಮೀನುಗಾರರು ತಮ್ಮ ಬೋಟುಗಳಲ್ಲೇ ಹುಡುಕಿದರು, 2019ರ ಜನವರಿಯಲ್ಲಿ ಸಾವಿರಾರು ಜನ ಹೆದ್ದಾರಿಗೆ ಇಳಿದು ಸರ್ಕಾರವನ್ನು ಎಚ್ಚರಿಸಿದರು. ಮೇ ತಿಂಗಳ ಆರಂಭದಲ್ಲಿ ನೌಕಾಪಡೆಯ ಐಎನ್‌ಎಸ್ ನಿರೀಕ್ಷಕ್ ಮಹಾರಾಷ್ಟ್ರದ ಮಾಲ್ವಣದಾಚೆ, ಸುಮಾರು 60 ಮೀಟರ್ ಆಳದಲ್ಲಿ ಅವಶೇಷ ಕಂಡುಹಿಡಿಯಿತು. ಹುಡುಕಿದ ಆ ನೌಕಾಪಡೆಯ ಹಡಗಿನಲ್ಲಿ ಮಲ್ಪೆಯ ಮೀನುಗಾರರೂ ಇದ್ದರು. ಬೋಟಿನ ಮೈ ತಿಳಿದವರು ಜೊತೆಗಿರಬೇಕಿತ್ತು. ಅಷ್ಟು ಆಳಕ್ಕೆ ಬ್ಯಾರಲ್ಲೂ ಹಗ್ಗವೂ ತಲುಪುವುದಿಲ್ಲ.

ಗಾಳಿ ಬೋಟನ್ನು ಊರಿನ ಎದುರಿಗೇ ಬಿಡುತ್ತದೆ ಎಂಬ ಭರವಸೆಯೂ ಇಲ್ಲ. 2017ರ ‘ಓಖಿ’ಯಲ್ಲಿ ದಾರಿತಪ್ಪಿದ 68 ಬೋಟುಗಳು, 952 ಮೀನುಗಾರರು ಮಹಾರಾಷ್ಟ್ರದ ಸಿಂಧುದುರ್ಗ ಕರಾವಳಿ ಸೇರಿದರು. 66 ಬೋಟು ಕೇರಳದವು, ಎರಡು ತಮಿಳುನಾಡಿನವು. 2019ರ ‘ಕ್ಯಾರ್’ ಎದ್ದಾಗ ಹೊರರಾಜ್ಯಗಳ ನೂರಾರು ಬೋಟುಗಳು ಕಾರವಾರಕ್ಕೆ ಬಂದು ನಿಂತವು. ಪರವೂರಿನ ಬೋಟಿಗೆ ಹಗ್ಗ ಎಸೆಯುವವನಿಗೆ ಅದರ ಮಾಲೀಕನ ಮುಖ ಗೊತ್ತಿಲ್ಲ, ಭಾಷೆ ಗೊತ್ತಿಲ್ಲ. ಅಮೆರಿಕದಲ್ಲಿ 2005ರ ಕತ್ರೀನಾ ಚಂಡಮಾರುತದಲ್ಲಿ ಲೂಸಿಯಾನಾದ ಬೋಟಿನವರು ಸ್ವಂತ ದೋಣಿ ತಂದು ಜನರನ್ನು ಸಾಗಿಸಿದರು, ಅವರಿಗೆ ‘ಕೇಜನ್ ನೇವಿ’ ಎಂದೇ ಹೆಸರಾಯಿತು. ಅಲ್ಲಿ ದಡಕ್ಕೆ ಬಿದ್ದ, ವಿಮೆಯಿರುವ ಬೋಟುಗಳನ್ನು ಎತ್ತಲು ವಿಮಾ ಕಂಪನಿಗಳ ಕ್ರೇನುಗಳು ಬರುತ್ತವೆ. ಇಲ್ಲಿ ಜನರನ್ನು ಎತ್ತಲು ಹೆಲಿಕಾಪ್ಟರ್ ಬಂತು, ಬೋಟು ಎತ್ತುವುದು ಊರಿನ ಪಾಲಿಗೆ ಉಳಿಯಿತು.

ಮುಳುಗಿದ್ದನ್ನು ಹುಡುಕಿ ಎತ್ತುವ ಈ ವಿದ್ಯೆ ಈಗ ಕಡಲು ಬಿಟ್ಟು ಒಳನಾಡಿನ ನೀರಿಗೂ ಬಂದಿದೆ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಗಂಗಾವಳಿ ನದಿಯಲ್ಲಿ ಲಾರಿಯೊಂದು ಕಾಣೆಯಾದಾಗ ಪ್ರವಾಹದ ನಡುವೆ ಮುಳುಗಿ ಹುಡುಕಿದವರಲ್ಲಿ ಮಲ್ಪೆಯ ಈಶ್ವರ ಮಲ್ಪೆ ಒಬ್ಬರು. ವರ್ಷಗಳಿಂದ ಸಂಬಳವಿಲ್ಲದೆ ನೀರಿಗಿಳಿದು ಹೆಣ, ವಾಹನ ಮೇಲೆತ್ತಿದವರು. ಲಾರಿ ಕೊನೆಗೆ ಗೋವಾದಿಂದ ತರಿಸಿದ ಡ್ರೆಜರಿನ ನೆರವಿನಿಂದ ಸೆಪ್ಟೆಂಬರ್ 25ರಂದು ಸಿಕ್ಕಿತು. ಮುಳುಗುವವನಿಗೂ ಯಂತ್ರಕ್ಕೂ ತಮ್ಮತಮ್ಮದೇ ಜಾಗವಿದೆ. ನದಿಯ ಕಲ್ಲು, ಸೆಳವು ಕೈಯಲ್ಲಿ ತಡವಿ ಹೇಳಬಲ್ಲವನು ಮೊದಲ ವಾರ ಬೇಕು, ಟನ್ನುಗಟ್ಟಲೆ ಮಣ್ಣು ಎತ್ತುವ ಯಂತ್ರವೂ ಮೊದಲ ವಾರವೇ ಬೇಕಿತ್ತು. ತಡವಾದದ್ದು ಎರಡನೆಯದು.

ಅರಬ್ಬಿ ಸಮುದ್ರ ಮೊದಲಿನಂತೆ ತಣ್ಣಗಿಲ್ಲ. 2019ರ ಒಂದೇ ವರ್ಷ ವಾಯು, ಹಿಕ್ಕಾ, ಕ್ಯಾರ್, ಮಹಾ, ಪವನ್ ಎಂದು ಐದು ಚಂಡಮಾರುತಗಳು ಅಲ್ಲಿ ಎದ್ದವು. ತೌಕ್ತೆಯಂತೆ ಮೇ ತಿಂಗಳಲ್ಲಿ ಬರುವುದು ಹೆಚ್ಚು ಕಷ್ಟದ್ದು. ಜೂನ್ 1ರಿಂದ ಜುಲೈ 31ರ ವರೆಗಿನ 61 ದಿನಗಳ ನಿಷೇಧಕ್ಕೆ ಮುಂಚಿನ ಕೊನೆಯ ದುಡಿಮೆಯ ಹೊತ್ತು ಅದು. ಆಗ ಮುಳುಗಿದ ಬೋಟನ್ನು ಮಳೆ ಹಿಡಿಯುವ ಮೊದಲೇ ಎತ್ತದಿದ್ದರೆ ಎರಡು ತಿಂಗಳು ಕಡಲಿಗೆ ಇಳಿಯುವಂತಿಲ್ಲ, ಆಗಸ್ಟಿನಲ್ಲಿ ಅಲ್ಲಿ ಬೋಟು ಇರುವುದೂ ಇಲ್ಲ.

ಹಾಗಾಗಿ ಕೇಳಬೇಕಾದದ್ದು ದೊಡ್ಡದೇನಲ್ಲ. ಬಂದರಿಗೆ ಒಂದೆರಡು ಶಕ್ತಿಯ ಪಂಪು, ಪರೀಕ್ಷೆಯಾದ ಹಗ್ಗ, ಗಾಳಿ ತುಂಬಿ ಬೋಟು ತೇಲಿಸುವ ಚೀಲ, ಮುಳುಗುವವರಿಗೆ ತರಬೇತಿ ಮತ್ತು ವಿಮೆ, ಅಳಿವೆಯ ಹೂಳನ್ನು ಮಳೆಗಾಲಕ್ಕೆ ಮುಂಚೆ ತೆಗೆಯುವುದು. 15,000 ರೂಪಾಯಿಯ ಆ ಮಾರ್ಗಸೂಚಿಯ ಅವಧಿ 2026ರ ಮಾರ್ಚಿನವರೆಗೆ. ಅದರ ಮುಂದಿನ ಪಟ್ಟಿಯಲ್ಲಿ ಹಾಳಾದ ದೋಣಿಯ ಜೊತೆಗೆ ಎತ್ತಿ ತಂದ ದೋಣಿಗೂ ಒಂದು ಸಾಲು ಬೇಕು, ಕ್ರೇನಿನ ಬಾಡಿಗೆ ಮತ್ತು ಎಳೆದ ಬೋಟುಗಳ ಡೀಸೆಲ್ ಖರ್ಚಿಗೆ. ಪೂರ್ತಿ ಹಾಳಾಯಿತೆಂದು ಬರೆಸಿದರೆ ಮಾತ್ರ ಹೆಚ್ಚು ಹಣ ಸಿಗುವ 2022–26ರ ಆ ಪಟ್ಟಿಯಲ್ಲಿ, ನೂರು ಜನ ಕತ್ತಿನಮಟ್ಟ ನೀರಿನಲ್ಲಿ ನಿಂತು ಉಳಿಸಿದ ಬೋಟಿಗೆ ಸಿಗುವುದು 6,000.